ಸ್ಪಂಜಿನಲ್ಲೂ ಇರುವ ಪ್ರೋಟೀನನ್ನು ತಡೆಯುವ ಮಾತ್ರೆ ಅಮ್ಮನ ಮೈಗೆ ಏನು ಮಾಡುತ್ತದೆ?

ಓದುಗರ ಪ್ರಶ್ನೆ:

"ನಮ್ಮ ತಾಯಿಗೆ 61 ವರ್ಷ. ನಾಲ್ಕು ವರ್ಷದ ಹಿಂದೆ ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್ ಪತ್ತೆಯಾಯಿತು. ಅವತ್ತಿನಿಂದ ದಿನಾ ಇಮ್ಯಾಟಿನಿಬ್ 400 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಕಾಯಿಲೆ ಎಷ್ಟು ಉಳಿದಿದೆ ಎಂದು ತಿಳಿಸುವ ಬಿಸಿಆರ್-ಎಬಿಎಲ್ ಪರೀಕ್ಷೆಯಲ್ಲಿ ಕಳೆದ ಸಲ 0.02% ಬಂದಿದೆ. ಚೆನ್ನಾಗಿದೆ ಅಂದರು ಡಾಕ್ಟರು. ಆದರೆ ಬೆಳಗ್ಗೆ ಎದ್ದಾಗ ಅಮ್ಮನ ಕಣ್ಣುರೆಪ್ಪೆ ಊದಿರುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೈಬಣ್ಣವೂ ತಿಳಿಯಾಗಿದೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಈ ಮಾತ್ರೆ ತಡೆಯುವುದು ಟೈರೋಸಿನ್ ಕೈನೇಸ್ ಎಂಬ ಪ್ರೋಟೀನನ್ನು, ಅದೇ ಕುಟುಂಬದ ಪ್ರೋಟೀನುಗಳು ಸ್ಪಂಜಿನಲ್ಲೂ, ಒಂದೇ ಕೋಶದ ಜೀವಿಗಳಲ್ಲೂ ಇವೆ ಎಂದು ಓದಿದೆ. ಅಷ್ಟು ಹಳೆಯ, ಅಷ್ಟು ಮೂಲಭೂತವಾದದ್ದನ್ನು ವರ್ಷಗಟ್ಟಲೆ ತಡೆದರೆ ಇಡೀ ಮೈ ಹಾಳಾಗುವುದಿಲ್ಲವೇ? ಮಾತ್ರೆ ಬಿಟ್ಟು ಕಷಾಯ ಕೊಡಿ ಅಂತ ನೆಂಟರು ಹೇಳುತ್ತಿದ್ದಾರೆ. ಇನ್ನೊಂದು: ಇದು ವಂಶದಲ್ಲೇ ಬರುವ ಪ್ರೋಟೀನ್ ಆದ್ದರಿಂದ ನನ್ನ ಮಗಳಿಗೂ ಪರೀಕ್ಷೆ ಮಾಡಿಸಬೇಕೇ?"

ಉತ್ತರ:

ನಿಮ್ಮ ಚಿಂತೆ ಎಲ್ಲಿಂದ ಹುಟ್ಟಿದೆ ಅನ್ನುವುದು ಅರ್ಥವಾಗುತ್ತದೆ. ನೀವು ಓದಿದ್ದರಲ್ಲಿ ಹೆಚ್ಚಿನದು ಸರಿಯೇ. ಅದರಿಂದ ನೀವು ತಲುಪಿದ ತೀರ್ಮಾನ ಮಾತ್ರ ಸರಿಯಿಲ್ಲ. "ಕುಟುಂಬ ಹಳೆಯದು, ಎಲ್ಲರಲ್ಲೂ ಇದೆ, ಹಾಗಾಗಿ ಮಾತ್ರೆ ಎಲ್ಲವನ್ನೂ ಹೊಡೆಯುತ್ತದೆ" ಎನ್ನುವುದು ಕೇಳಲು ತರ್ಕಬದ್ಧ. ನನ್ನ ಹೊರರೋಗಿ ವಿಭಾಗದಲ್ಲಿ ಸ್ವಲ್ಪ ಜೀವಶಾಸ್ತ್ರ ಓದಿದ ಮಕ್ಕಳೇ ಈ ಪ್ರಶ್ನೆ ಜಾಸ್ತಿ ಕೇಳುವುದು. ಏನೂ ಓದದವರು ಸುಮ್ನೆ ಮಾತ್ರೆ ನುಂಗಿ ಹೋಗುತ್ತಾರೆ!

ಮೊದಲು ಈ ಕುಟುಂಬದ ಪರಿಚಯ. ಕೈನೇಸ್‌ಗಳ ಕೆಲಸ ಒಂದೇ: ಇನ್ನೊಂದು ಪ್ರೋಟೀನಿನ ಮೇಲೆ ಒಂದು ಫಾಸ್ಫೇಟ್ ಅಂಟಿಸುವುದು. ಆ ಗುರುತು ಬಿದ್ದ ಪ್ರೋಟೀನ್ ಎಚ್ಚರಗೊಳ್ಳುತ್ತದೆ, ಇಲ್ಲವೇ ಮಲಗುತ್ತದೆ, ಇಲ್ಲವೇ ಬೇರೆ ಜಾಗಕ್ಕೆ ಹೋಗುತ್ತದೆ. ಕೋಶದೊಳಗೆ ಸುದ್ದಿ ಸಾಗುವುದು ಬಹುಪಾಲು ಹೀಗೆಯೇ. 2002ರಲ್ಲಿ ಮನುಷ್ಯರ ಜೀನೋಮ್ ಜಾಲಾಡಿದಾಗ 518 ಕೈನೇಸ್‌ಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಸೆರೀನ್ ಅಥವಾ ತ್ರಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ ಗುರುತು ಹಾಕುತ್ತವೆ. ಟೈರೋಸಿನ್ ಮೇಲೆ ಹಾಕುವವು 90. ನಿಮ್ಮ ತಾಯಿಯ ಕಾಯಿಲೆಯ ಹಿಂದಿರುವ ಎಬಿಎಲ್ ಆ 90ರಲ್ಲಿ ಒಂದು. ಟೈರೋಸಿನ್ ಮೇಲಿನ ಗುರುತು ಎಷ್ಟು ಅಪರೂಪವೆಂದರೆ 1979ರವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಿಜ್ಞಾನಿ ಟೋನಿ ಹಂಟರ್ ಅದನ್ನು ಕಂಡುಹಿಡಿದದ್ದು ಹಳೆಯ ಬಫರ್ ದ್ರಾವಣದ ದಯೆಯಿಂದ. ಅವರು ಹೊಸದು ಮಾಡಿಕೊಳ್ಳದೆ ಹಳೆಯದನ್ನೇ ಬಳಸಿದ್ದರು. ಅದರ ಪಿಹೆಚ್ ಇಳಿದುಹೋಗಿತ್ತು. ಹಾಗಾಗಿ ಎಂದೂ ಬೇರೆಯಾಗದ ಎರಡು ಚುಕ್ಕೆಗಳು, ಒಂದು ತ್ರಿಯೋನಿನ್ ಗುರುತಿನದು, ಇನ್ನೊಂದು ಟೈರೋಸಿನ್ ಗುರುತಿನದು, ಬೇರೆಬೇರೆಯಾಗಿ ಕಂಡವು.

ಈಗ "ಎಲ್ಲ ಜೀವಿಗಳಲ್ಲೂ ಇದೆ" ಎನ್ನುವ ಮಾತು. ಕೈನೇಸ್ ಎನ್ನುವ ದೊಡ್ಡ ಕುಟುಂಬಕ್ಕೆ ಅದು ಸರಿ. ಗಿಡಗಳಲ್ಲಿ, ಅಣಬೆಗಳಲ್ಲಿ, ಅಮೀಬಾದಲ್ಲಿ, ಎಲ್ಲ ಕಡೆ ಅವು ಇವೆ. ಟೈರೋಸಿನ್ ಕೈನೇಸ್‌ಗಳಿಗೆ ಮಾತ್ರ ಅದು ಸರಿಯಲ್ಲ. ಇಡ್ಲಿ ಹಿಟ್ಟಿನಲ್ಲೂ ಬ್ರೆಡ್ಡಿನಲ್ಲೂ ಇರುವ ಯೀಸ್ಟ್ ತೆಗೆದುಕೊಳ್ಳಿ. ಅದರಲ್ಲಿ ನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ, ಆದರೆ ನಮ್ಮ ಎಬಿಎಲ್ ತರಹದ ಅಸಲಿ ಟೈರೋಸಿನ್ ಕೈನೇಸ್ ಒಂದೂ ಇಲ್ಲ. ಅದಿಲ್ಲದೆ ಯೀಸ್ಟ್ ಹಾಯಾಗಿ ಬದುಕುತ್ತದೆ. ಹಾಗಾಗಿ ಇದು ಜೀವಕ್ಕೇ ಮೂಲಾಧಾರವಾದ ಪ್ರೋಟೀನ್ ಅಲ್ಲ. ಹಳೆಯದು ಹೌದು, ಆದರೆ ಅಷ್ಟೇನೂ ಹಳೆಯದಲ್ಲ.

ಹಾಗಾದರೆ ಎಲ್ಲಿಂದ ಬಂತು? ಬಹಳ ದಿನ ಎಲ್ಲರೂ ಅಂದುಕೊಂಡಿದ್ದು, ಪ್ರಾಣಿಗಳು ಹುಟ್ಟಿದಾಗ ಇವೂ ಹುಟ್ಟಿರಬೇಕು ಅಂತ. ಬಹುಕೋಶ ಮೈಯಲ್ಲಿ ಕೋಶಗಳು ಪರಸ್ಪರ ಮಾತಾಡಬೇಕು, ಒಬ್ಬಂಟಿ ಕೋಶಕ್ಕೆ ಅದರ ಗೊಡವೆ ಯಾಕೆ, ಅಲ್ವಾ? ನಿಕೋಲ್ ಕಿಂಗ್ ಮತ್ತು ಶಾನ್ ಕ್ಯಾರೊಲ್ ಎಂಬ ವಿಜ್ಞಾನಿಗಳು ಇದನ್ನು ತಲೆಕೆಳಗು ಮಾಡಿದರು. ಅವರು ನೋಡಿದ್ದು ಕೋಯನೋಫ್ಲಾಜೆಲ್ಲೇಟ್ ಎಂಬ ನೀರಿನ ಸೂಕ್ಷ್ಮಜೀವಿಯನ್ನು. ಒಂದೇ ಕೋಶ, ಒಂದು ಬಾಲ, ಬಾಲದ ಬುಡದ ಸುತ್ತ ಸಣ್ಣ ಎಳೆಗಳ ಕೊರಳಪಟ್ಟಿ. ಬಾಲ ಬೀಸಿ ನೀರು ಎಳೆಯುತ್ತದೆ, ಬ್ಯಾಕ್ಟೀರಿಯಾ ಬಂದು ಪಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಅದು ತಿನ್ನುತ್ತದೆ. ಸ್ಪಂಜಿನ ಒಳಗೋಡೆಯ ಕೋಶಗಳೂ ನೋಡಲು ಥೇಟ್ ಹೀಗೇ. ಪ್ರಾಣಿಗಳಿಗೆ ಇದಕ್ಕಿಂತ ಹತ್ತಿರದ ಏಕಕೋಶ ಬಂಧು ಇಲ್ಲ. ಎರಡೂ ದಾರಿ ಕವಲೊಡೆದು 60 ಕೋಟಿ ವರ್ಷಕ್ಕೂ ಹೆಚ್ಚಾಯಿತು.

2001ರಲ್ಲಿ ಈ ಜೀವಿಯಲ್ಲಿ ಟೈರೋಸಿನ್ ಕೈನೇಸ್ ಸಿಕ್ಕಿತು. 2003ರಲ್ಲಿ ಇನ್ನೂ ಹೆಚ್ಚು ಸಿಕ್ಕವು. ಜೊತೆಗೆ ನಮ್ಮ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಕ್ಯಾಡ್ಹೆರಿನ್‌ಗಳೂ ಸಿಕ್ಕವು. ಆ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಬೇರೆ. ಟೈರೋಸಿನ್ ಕೈನೇಸ್ ತಡೆಯುವ ರಾಸಾಯನಿಕಗಳನ್ನು ಆ ಜೀವಿಗಳಿಗೆ ಹಾಕಿ ನೋಡಿದರು. ಅವು ವಿಭಜನೆಯಾಗುವುದು ಕಡಿಮೆಯಾಯಿತು. ನೀರಿಗೆ ಪೋಷಕಾಂಶ ಸೇರಿಸಿದರೆ ಟೈರೋಸಿನ್ ಗುರುತುಗಳು ಬದಲಾದವು. ಅಂದರೆ ಈ ವ್ಯವಸ್ಥೆ ಮೊದಲು ಕೋಶ ಕೋಶ ಮಾತಾಡಿಕೊಳ್ಳಲು ಬಂದದ್ದಲ್ಲ. ಸುತ್ತಲಿನ ನೀರಿನಲ್ಲಿ ಊಟ ಇದೆಯೇ, ಬೆಳೆಯಬಹುದೇ ಎಂದು ಒಬ್ಬಂಟಿ ಕೋಶ ತಿಳಿದುಕೊಳ್ಳಲು ಬಳಸುತ್ತಿದ್ದ ಸಾಧನ ಅದು. ಪ್ರಾಣಿಗಳು ಅದನ್ನೇ ಎತ್ತಿಕೊಂಡು ಬೇರೆ ಕೆಲಸಕ್ಕೆ ಹಚ್ಚಿದವು.

2008ರಲ್ಲಿ ಮೊನೊಸೀಗಾ ಬ್ರೆವಿಕೊಲಿಸ್ ಎಂಬ ಕೋಯನೋಫ್ಲಾಜೆಲ್ಲೇಟ್‌ನ ಪೂರ್ತಿ ಜೀನೋಮ್ ಹೊರಬಂತು. ಅದರಲ್ಲಿ 128 ಟೈರೋಸಿನ್ ಕೈನೇಸ್‌ಗಳು. ನಮಗಿಂತ ಜಾಸ್ತಿ! ಆದರೆ ಒಂದೊಂದಾಗಿ ಹೋಲಿಸಿದರೆ ವಿಚಿತ್ರ ಕಾಣುತ್ತದೆ. ಕೋಶದೊಳಗೆ ಕೆಲಸ ಮಾಡುವ ಕೆಲವು, ಅಂದರೆ ಎಸ್‌ಆರ್‌ಸಿ, ಸಿಎಸ್‌ಕೆ, ಎಬಿಎಲ್ ತರಹದವು, ಎರಡೂ ಕಡೆ ಗುರುತು ಸಿಗುವಷ್ಟು ಒಂದೇ ರೀತಿ ಇವೆ. ಕೋಶದ ಹೊರಗೆ ತಲೆ ಚಾಚಿ ಸುದ್ದಿ ಹಿಡಿಯುವ ರಿಸೆಪ್ಟರ್‌ಗಳು ಮಾತ್ರ ಬಹುತೇಕ ಹೊಂದುವುದೇ ಇಲ್ಲ. ಅವು ಆ ಕಡೆ ತಮ್ಮ ಪಾಡಿಗೆ ಬೆಳೆದವು, ಈ ಕಡೆ ನಮ್ಮ ಪಾಡಿಗೆ ಬೆಳೆದವು. ಆದ್ದರಿಂದ ನಿಮ್ಮ ವಿದ್ಯಾರ್ಥಿಗಳಿಗೆ "ಸಿಗ್ನಲಿಂಗ್ ಪ್ರೋಟೀನುಗಳು ಏಕಕೋಶ ಜೀವಿಗಳಲ್ಲೇ ಇದ್ದವು" ಎಂದು ಹೇಳುವಾಗ ಇದನ್ನೂ ಸೇರಿಸಿ. ಒಳಗಿನ ಯಂತ್ರ ಹಳೆಯದು, ಹೊರಗಿನ ಕಿವಿಗಳು ಹೊಸವು.

ನಮ್ಮ ಕಡೆ ಆ ಕಿವಿಗಳು ಹೇಗೆ ಹೆಚ್ಚಾದವು ಎನ್ನುವುದಕ್ಕೂ ಅಮ್ಮನ ಕಣ್ಣುರೆಪ್ಪೆಗೂ ನೇರ ಸಂಬಂಧವಿದೆ. ಹಣ್ಣುನೊಣದಲ್ಲಿ ಪಿವಿಆರ್ ಎಂಬ ಒಂದು ರಿಸೆಪ್ಟರ್ ಇದೆ. ಬೆನ್ನೆಲುಬಿನ ಪ್ರಾಣಿಗಳ ಪೂರ್ವಜರಲ್ಲಿ, ಸುಮಾರು 50 ಕೋಟಿ ವರ್ಷದ ಹಿಂದೆ, ಇಡೀ ಜೀನೋಮ್ ಎರಡು ಸಲ ಇಮ್ಮಡಿಯಾಯಿತು. ಅದಲ್ಲದೆ ಅಕ್ಕಪಕ್ಕದಲ್ಲೇ ಜೀನ್‌ಗಳ ನಕಲುಗಳೂ ಆದವು. ಅದರ ಗುರುತು ಇವತ್ತಿಗೂ ನಮ್ಮ ಕ್ರೋಮೋಸೋಮುಗಳಲ್ಲಿ ಕಾಣುತ್ತದೆ. 4ನೇ ಕ್ರೋಮೋಸೋಮಿನಲ್ಲಿ ಪಿಡಿಜಿಎಫ್‌ಆರ್-ಎ ಮತ್ತು ಕಿಟ್ ಎಂಬ ಎರಡು ರಿಸೆಪ್ಟರ್‌ಗಳ ಜೀನ್‌ಗಳು ಅಕ್ಕಪಕ್ಕ ಕೂತಿವೆ. 5ನೇದರಲ್ಲಿ ಪಿಡಿಜಿಎಫ್‌ಆರ್-ಬಿ ಮತ್ತು ಸಿಎಸ್‌ಎಫ್1ಆರ್ ಅಕ್ಕಪಕ್ಕ. 13ನೇದರಲ್ಲಿ ಎಫ್‌ಎಲ್‌ಟಿ3. ನೊಣಕ್ಕೆ ಒಂದರಲ್ಲೇ ನಡೆಯುವ ಕೆಲಸ ನಮ್ಮಲ್ಲಿ ಹಂಚಿಹೋಗಿದೆ. ಕಿಟ್ ಚರ್ಮದ ಬಣ್ಣದ ಕೋಶಗಳನ್ನೂ ರಕ್ತದ ಮೂಲಕೋಶಗಳನ್ನೂ ನೋಡಿಕೊಳ್ಳುತ್ತದೆ. ಪಿಡಿಜಿಎಫ್‌ಆರ್ ಸಣ್ಣ ರಕ್ತನಾಳಗಳ ಸುತ್ತಲಿನ ಕೋಶಗಳನ್ನು ನೋಡಿಕೊಳ್ಳುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. 518 ಕೈನೇಸ್‌ಗಳು ಒಂದೇ ಕುಟುಂಬ, ಎಲ್ಲಕ್ಕೂ ಎಟಿಪಿ (ಅಂಟಿಸಬೇಕಾದ ಫಾಸ್ಫೇಟ್ ಒದಗಿಸುವ ಅಣು) ಹಿಡಿಯುವ ಒಂದೇ ರೀತಿಯ ಜೇಬು. ಇಮ್ಯಾಟಿನಿಬ್ ಹೋಗಿ ಕೂರುವುದೂ ಅದೇ ಜೇಬಿನಲ್ಲಿ. ಹಾಗಿದ್ದರೂ ಅದು ಎಲ್ಲವನ್ನೂ ಯಾಕೆ ಹಿಡಿಯುವುದಿಲ್ಲ?

ಕೊಡೆಗಳನ್ನು ನೆನಪಿಸಿಕೊಳ್ಳಿ. ಬಿಚ್ಚಿದಾಗ ಎಲ್ಲವೂ ಒಂದೇ ಆಕಾರ, ಯಾಕೆಂದರೆ ಎಲ್ಲವೂ ಮಾಡಬೇಕಾದ ಕೆಲಸ ಒಂದೇ. ಮಡಚಿದಾಗ ಒಂದು ಉದ್ದ ಕೋಲು, ಇನ್ನೊಂದು ಕೈಚೀಲಕ್ಕೆ ಹಿಡಿಸುವ ಗಿಡ್ಡ. ಕೈನೇಸ್‌ಗಳೂ ಕೆಲಸ ಮಾಡುವಾಗ ಒಂದೇ ತರಹ, ಸುಮ್ಮನಿರುವಾಗ ಮಡಚಿಕೊಳ್ಳುವ ರೀತಿ ಬೇರೆಬೇರೆ. ಇಮ್ಯಾಟಿನಿಬ್ ಹಿಡಿಯುವುದು ಒಂದು ನಿರ್ದಿಷ್ಟ ಮಡಿಕೆಯನ್ನು. ಎಬಿಎಲ್, ಕಿಟ್, ಪಿಡಿಜಿಎಫ್‌ಆರ್ ಹಾಗೆ ಮಡಚಿಕೊಳ್ಳುತ್ತವೆ, ಸಿಕ್ಕಿಬೀಳುತ್ತವೆ. ಉಳಿದ ಹೆಚ್ಚಿನವು ತಪ್ಪಿಸಿಕೊಳ್ಳುತ್ತವೆ.

ಇಲ್ಲಿ ಬಂಧುತ್ವ ಎಷ್ಟು ಮೋಸ ಮಾಡುತ್ತದೆ ನೋಡಿ. ಎಬಿಎಲ್‌ಗೆ ಹತ್ತಿರದ ನೆಂಟ ಎಸ್‌ಆರ್‌ಸಿ. ಇಮ್ಯಾಟಿನಿಬ್ ಎಸ್‌ಆರ್‌ಸಿಯನ್ನು ಹಿಡಿಯುವ ಬಲ ಎಬಿಎಲ್‌ಗಿಂತ ಸುಮಾರು 3,000 ಪಟ್ಟು ಕಡಿಮೆ. ಮಡಿಕೆ ಒಂದರಿಂದಲೇ ಇದನ್ನು ವಿವರಿಸಲು ಆಗಲಿಲ್ಲ. ಎಸ್‌ಆರ್‌ಸಿಯೊಳಗೆ ಕೂತ ಇಮ್ಯಾಟಿನಿಬ್‌ನ ಚಿತ್ರ ತೆಗೆದರೆ, ಎಬಿಎಲ್‌ನಲ್ಲಿ ಕೂತಂತೆಯೇ ಕಾಣುತ್ತಿತ್ತು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಡೊರೊಥಿ ಕೆರ್ನ್ ತಂಡ ಇದಕ್ಕೆ ವಿಕಾಸದ ದಾರಿಯನ್ನೇ ಹಿಡಿಯಿತು. ಎರಡೂ ಕುಟುಂಬಗಳ ಇವತ್ತಿನ ಪ್ರೋಟೀನುಗಳನ್ನು ಹೋಲಿಸಿ, ಅವುಗಳ ಪೂರ್ವಜ ಪ್ರೋಟೀನ್ ಹೇಗಿದ್ದಿರಬೇಕೆಂದು ಲೆಕ್ಕಹಾಕಿ, ಅದನ್ನು ಪ್ರಯೋಗಶಾಲೆಯಲ್ಲಿ ನಿಜಕ್ಕೂ ತಯಾರಿಸಿತು. 2015ರಲ್ಲಿ ಪ್ರಕಟವಾದ ಕೆಲಸ ಇದು. ಆ ಪೂರ್ವಜನ ಮೇಲೆ ಇಮ್ಯಾಟಿನಿಬ್ ಹಿಡಿತ ನಡುಮಟ್ಟದಲ್ಲಿತ್ತು. ಅಲ್ಲಿಂದ ಒಂದು ಕವಲಿನಲ್ಲಿ ಹಿಡಿತ ಏರುತ್ತಾ ಹೋಯಿತು, ಇನ್ನೊಂದರಲ್ಲಿ ಇಳಿಯಿತು. ವ್ಯತ್ಯಾಸ ಇದ್ದದ್ದು ಔಷಧ ಒಳಗೆ ಬಂದ ಮೇಲೆ: ಎಬಿಎಲ್ ಅದರ ಸುತ್ತ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಎಸ್‌ಆರ್‌ಸಿ ಅಷ್ಟಾಗಿ ಮುಚ್ಚಿಕೊಳ್ಳುವುದಿಲ್ಲ. ಔಷಧ ಹುಟ್ಟುವ ಕೋಟಿಗಟ್ಟಲೆ ವರ್ಷ ಮೊದಲೇ ಈ ವ್ಯತ್ಯಾಸ ತಯಾರಾಗಿತ್ತು. ಯಾವ ಔಷಧಕ್ಕಾಗಿಯೂ ಅಲ್ಲ, ತನ್ನ ಪಾಡಿಗೆ ತಾನು.

ಇನ್ನೊಂದು ಉದಾಹರಣೆ ಹೇಳಿಬಿಡುತ್ತೇನೆ, ಕ್ಲಾಸಿನಲ್ಲಿ ಉಪಯೋಗಕ್ಕೆ ಬಂದೀತು. ಮೇಲೆ ಹೇಳಿದ ಎಫ್‌ಎಲ್‌ಟಿ3 ಕಿಟ್‌ನ ಒಡಹುಟ್ಟು. ಆದರೂ ಇಮ್ಯಾಟಿನಿಬ್ ಅದನ್ನು ಮುಟ್ಟುವುದಿಲ್ಲ. ಕಾರಣ, ಜೇಬಿನ ಬಾಯಲ್ಲಿ ಕಿಟ್‌ಗೆ ಸಣ್ಣ ತ್ರಿಯೋನಿನ್ ಇರುವ ಕಡೆ ಎಫ್‌ಎಲ್‌ಟಿ3ಗೆ ದಪ್ಪನೆಯ ಫಿನೈಲ್‌ಅಲನಿನ್ ಇದೆ. ಅದೊಂದನ್ನು ಬದಲಿಸಿದರೆ ಸಾಕು, ಎಫ್‌ಎಲ್‌ಟಿ3 ಕೂಡ ಸಿಕ್ಕಿಬೀಳುತ್ತದೆ. ಇದೇ ಜಾಗ ಎಬಿಎಲ್‌ನಲ್ಲಿ 315ನೇದು. ಕೆಲವು ರೋಗಿಗಳಲ್ಲಿ ಅಲ್ಲಿನ ತ್ರಿಯೋನಿನ್ ಹೋಗಿ ಐಸೋಲ್ಯೂಸಿನ್ ಬರುತ್ತದೆ. ಆಗ ಇಮ್ಯಾಟಿನಿಬ್ ಕೆಲಸ ಮಾಡುವುದು ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಇಮ್ಯಾಟಿನಿಬ್ ಕೈನೇಸೇ ಅಲ್ಲದ ಎನ್‌ಕ್ಯೂಒ2 ಎಂಬ ಪ್ರೋಟೀನನ್ನೂ ಹಿಡಿಯುತ್ತದೆ. ಒಡಹುಟ್ಟನ್ನು ಬಿಟ್ಟು ಅಪರಿಚಿತನನ್ನು ಹಿಡಿಯುತ್ತದೆ ಎಂದಮೇಲೆ, ಪ್ರೋಟೀನಿನ ವಂಶವೃಕ್ಷ ನೋಡಿ ಔಷಧದ ಅಪಾಯ ಊಹಿಸಲು ಬರುವುದಿಲ್ಲ.

ಹಾಗಾಗಿ ನಿಮ್ಮ ತಾಯಿಯ ತೊಂದರೆಗಳು "ಇಡೀ ಮೈ ಹಾಳಾಗುತ್ತಿದೆ" ಎನ್ನುವುದರ ಗುರುತಲ್ಲ. ಒಂದೊಂದಕ್ಕೂ ವಿಳಾಸವಿದೆ. ರೆಪ್ಪೆ ಊದುವುದರ ಹಿಂದೆ ಪಿಡಿಜಿಎಫ್‌ಆರ್ ಇದೆ: ಸಣ್ಣ ರಕ್ತನಾಳಗಳ ಸುತ್ತ ಬಿಗಿ ಕಡಿಮೆಯಾಗಿ ನೀರು ಜಿನುಗುತ್ತದೆ, ಚರ್ಮ ತೆಳುವಾಗಿರುವ ಕಡೆ ಮೊದಲು ಕಾಣುತ್ತದೆ. ಮೈಬಣ್ಣ ತಿಳಿಯಾಗಿರುವುದು ಕಿಟ್‌ನಿಂದ. ಬಣ್ಣದ ಕೋಶಗಳಿಗೆ ಕಿಟ್‌ನ ಸುದ್ದಿ ಬೇಕು. ಹುಟ್ಟಿನಿಂದಲೇ ಕಿಟ್ ಜೀನ್‌ನಲ್ಲಿ ದೋಷವಿರುವವರಿಗೆ ಹಣೆಯ ಮೇಲೆ ಬಿಳಿ ಕೂದಲಿನ ಜೊಂಪೆ, ಮೈಮೇಲೆ ಬಿಳಿ ಮಚ್ಚೆ ಇರುತ್ತವೆ. ಇಲಿ, ಹಂದಿ, ಕುದುರೆಗಳಲ್ಲೂ ಬಿಳಿ ಬಣ್ಣದ ಹಿಂದೆ ಹಲವು ಸಲ ಇದೇ ಜೀನ್ ಇರುತ್ತದೆ. ನಮ್ಮಂಥ ಕಂದು ಮೈಯವರಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಮದುವೆ ಮನೆಯಲ್ಲಿ "ಏನ್ರೀ, ಬೆಳ್ಳಗಾಗಿಬಿಟ್ಟಿದ್ದೀರಲ್ಲ, ಏನು ಹಚ್ಕೋತೀರಿ" ಅಂತ ಕೇಳಿಸಿಕೊಂಡು ಬಂದು ನನ್ನೆದುರು ನಕ್ಕವರೂ ಇದ್ದಾರೆ, ಅತ್ತವರೂ ಇದ್ದಾರೆ. ಇದು ತೊನ್ನು ಅಲ್ಲ, ಅಂಟುವುದೂ ಇಲ್ಲ. ಪ್ರಮಾಣ ಇಳಿಸಿದರೆ ಅಥವಾ ಔಷಧ ಬದಲಿಸಿದರೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ. ಅಲ್ಲಿಯವರೆಗೆ ಬಿಸಿಲಿಗೆ ಕೊಡೆ, ಸನ್‌ಸ್ಕ್ರೀನ್ ಸಾಕು. ಸ್ನಾಯು ಹಿಡಿದುಕೊಳ್ಳುವುದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಮಟ್ಟ ನೋಡಿಸಿ. ಕಡಿಮೆಯಿದ್ದರೆ ಸರಿಪಡಿಸುವುದು ಸುಲಭ.

ಎಬಿಎಲ್ ಅನ್ನೇ ವರ್ಷಗಟ್ಟಲೆ ತಡೆದರೆ? ಎಬಿಎಲ್‌ನ ಅಗತ್ಯ ಜಾಸ್ತಿ ಇರುವುದು ಭ್ರೂಣ ಬೆಳೆಯುವಾಗ. ಎಬಿಎಲ್ ಜೀನ್ ಇಲ್ಲದ ಇಲಿಮರಿಗಳಲ್ಲಿ ಬಹಳಷ್ಟು ಹುಟ್ಟಿದ ಸ್ವಲ್ಪ ದಿನಕ್ಕೇ ಸಾಯುತ್ತವೆ. ಅದಕ್ಕೇ ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಬೆಳೆದ ಮೈ ಇದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧ ಇದು. ಮೊದಲ ದೊಡ್ಡ ಪ್ರಯೋಗದಲ್ಲಿ ಇಮ್ಯಾಟಿನಿಬ್ ಗುಂಪಿಗೆ ಸೇರಿದವರಲ್ಲಿ ಹತ್ತು ವರ್ಷದ ನಂತರವೂ 83% ಜನ ಬದುಕಿದ್ದರು. ಇದಕ್ಕೆ ಮುಂಚೆ, ಸರಿಯಾದ ಚಿಕಿತ್ಸೆ ಇಲ್ಲದಿದ್ದಾಗ, ಸಿಎಂಎಲ್ ಸಾಮಾನ್ಯವಾಗಿ ಮೂರರಿಂದ ಐದು ವರ್ಷದಲ್ಲಿ ಉಗ್ರರೂಪಕ್ಕೆ ತಿರುಗುತ್ತಿತ್ತು.

ಕಾಯಿಲೆ ಯಾಕೆ ಬಂತು ಎನ್ನುವುದರಲ್ಲೂ ವಿಕಾಸದ ಒಂದು ಎಳೆ ಇದೆ. ನಮ್ಮ ಎಬಿಎಲ್‌ನ ಮುಂತುದಿ ಬಾಗಿ ಬಂದು ತನ್ನದೇ ಬೆನ್ನಿನ ಒಂದು ಗುಳಿಯಲ್ಲಿ ಕೂತು, ಅದನ್ನು ಮುಚ್ಚಿಡುತ್ತದೆ. ಮೊನೊಸೀಗಾದ ಎಬಿಎಲ್ ಅನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅದಕ್ಕೆ ಇಷ್ಟು ಬಿಗಿಯಾದ ತಡೆ ಕಾಣಲಿಲ್ಲ. ಕೆಲಸ ಮಾಡುವ ಭಾಗ ಮೊದಲು ಬಂತು, ತಡೆ ಆಮೇಲೆ ಬಲವಾಯಿತು. ನಿಮ್ಮ ತಾಯಿಯ ಒಂದು ರಕ್ತಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾದವು. ಆಗ ಎಬಿಎಲ್ ಆ ಮುಂತುದಿ ಕಳೆದುಕೊಂಡು ಬಿಸಿಆರ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡಿತು. ತಡೆ ಹೋಯಿತು, ಯಾವಾಗಲೂ ಚಾಲೂ. ಇದನ್ನು ಓದಿ "ಕ್ಯಾನ್ಸರ್ ಅಂದರೆ ಕೋಶ ಏಕಕೋಶ ಜೀವನಕ್ಕೆ ವಾಪಸ್ ಹೋಗುವುದು" ಎನ್ನುವವರಿದ್ದಾರೆ. ಮಾತು ಆಕರ್ಷಕ, ಚಿಕಿತ್ಸೆಗೆ ಅದರಿಂದ ಏನೂ ಸಿಗುವುದಿಲ್ಲ.

ಸರಿ, ಮುಂದೇನು ಮಾಡಬಹುದು? ಸುಲಭದ್ದು, ಇದೇ ಮಾತ್ರೆ ಮುಂದುವರಿಸಿ ತೊಂದರೆಗಳನ್ನು ಸಂಭಾಳಿಸುವುದು. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ಕೊಡಿ. ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ ಹಪ್ಪಳವೂ ಸೇರಿ. ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಮಾಣ ಇಳಿಸುವುದು ಇನ್ನೊಂದು ದಾರಿ. ಬ್ರಿಟನ್ನಿನ ಡೆಸ್ಟಿನಿ ಅಧ್ಯಯನದಲ್ಲಿ ಪರೀಕ್ಷೆಯ ಅಂಕಿ 0.1% ಅಥವಾ ಅದಕ್ಕಿಂತ ಕೆಳಗೆ ಸ್ಥಿರವಾಗಿದ್ದವರಿಗೆ ಒಂದು ವರ್ಷ ಅರ್ಧ ಪ್ರಮಾಣ ಕೊಟ್ಟರು. ಹೆಚ್ಚಿನವರಲ್ಲಿ ಕಾಯಿಲೆ ಹಿಡಿತದಲ್ಲೇ ಇತ್ತು, ಅಡ್ಡಪರಿಣಾಮಗಳು ತಗ್ಗಿದವು. ಕೆಲವರಲ್ಲಿ ಅಂಕಿ ಏರಿತು, ಪೂರ್ತಿ ಪ್ರಮಾಣಕ್ಕೆ ಮರಳಿದಾಗ ಇಳಿಯಿತು. ನಿಮ್ಮ ತಾಯಿಯ 0.02% ಈ ಮಿತಿಯೊಳಗಿದೆ. ಆದರೆ ಅವರು ಎಷ್ಟು ಕಾಲದಿಂದ ಹೀಗಿದ್ದಾರೆ ಎಂದು ಹಳೆಯ ರಿಪೋರ್ಟ್‌ಗಳನ್ನೆಲ್ಲ ಸಾಲಾಗಿಟ್ಟು ಅವರ ಡಾಕ್ಟರೇ ನೋಡಬೇಕು. ನೀವಾಗಿಯೇ ದಿನ ಬಿಟ್ಟು ದಿನ ಕೊಡುವುದು ಬೇಡ. ಮಾತ್ರೆ ತಪ್ಪಿಸುವವರಲ್ಲಿ ಕಾಯಿಲೆಯ ಅಂಕಿ ಬೇಕಾದಷ್ಟು ಕೆಳಕ್ಕೆ ಇಳಿಯುವುದಿಲ್ಲ ಎನ್ನುವುದು ಚೆನ್ನಾಗಿ ಸಾಬೀತಾದ ವಿಷಯ. ನಾನು ದಿನಾ ನೋಡುವುದೂ ಅದನ್ನೇ.

ಔಷಧ ಬದಲಿಸಬಹುದು, ಆದರೆ ತೊಂದರೆಯೂ ಬದಲಾಗುತ್ತದೆ ಅಷ್ಟೇ. ಡಾಸಾಟಿನಿಬ್ ಎಸ್‌ಆರ್‌ಸಿಯನ್ನೂ ಹಿಡಿಯುತ್ತದೆ, ಶ್ವಾಸಕೋಶದ ಸುತ್ತ ನೀರು ತುಂಬುವ ಅಪಾಯವಿದೆ. ನಿಲೋಟಿನಿಬ್ ಸಕ್ಕರೆ ಏರಿಸಬಹುದು, ಹೃದಯ ಮತ್ತು ರಕ್ತನಾಳಗಳಿಗೆ ತೊಂದರೆ ಕೊಡಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ನಾನು ಅದನ್ನು ಯೋಚಿಸಿಯೇ ಬರೆಯುತ್ತೇನೆ. ಬೊಸುಟಿನಿಬ್ ಕಿಟ್ ಮತ್ತು ಪಿಡಿಜಿಎಫ್‌ಆರ್‌ಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ, ಹಾಗಾಗಿ ಬಣ್ಣ, ಊತದ ಕಾಟ ಕಡಿಮೆ. ಬದಲಿಗೆ ಭೇದಿ ಜಾಸ್ತಿ. ಅಸಿಮಿನಿಬ್ ಎಂಬ ಹೊಸದು ಎಟಿಪಿ ಜೇಬಿಗೆ ಹೋಗುವುದೇ ಇಲ್ಲ. ಮೇಲೆ ಹೇಳಿದೆನಲ್ಲ, ಎಬಿಎಲ್ ತನ್ನ ತುದಿಯನ್ನೇ ಸೇರಿಸಿಕೊಳ್ಳುವ ಬೆನ್ನಿನ ಗುಳಿ, ಅಲ್ಲಿ ಕೂರುತ್ತದೆ. ಕಳೆದುಹೋದ ತಡೆಯನ್ನು ಔಷಧವೇ ತುಂಬಿಕೊಡುತ್ತದೆ ಎನ್ನಬಹುದು. ನನಗೆ ಇದು ಬಹಳ ಜಾಣ ವಿನ್ಯಾಸ ಅನಿಸುತ್ತದೆ. ಆದರೆ ದುಬಾರಿ. ಇಮ್ಯಾಟಿನಿಬ್ ಪೇಟೆಂಟ್ ಅರ್ಜಿಯನ್ನು 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದರಿಂದ ಅದರ ಜೆನೆರಿಕ್ ಮಾತ್ರೆಗಳು ಇವತ್ತು ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಅಗ್ಗದ ಔಷಧವನ್ನು ರೆಪ್ಪೆಯ ಊತಕ್ಕಾಗಿ ಬಿಡಲು ನಾನಂತೂ ಅವಸರ ಮಾಡುವುದಿಲ್ಲ.

ಪೂರ್ತಿ ನಿಲ್ಲಿಸುವುದೂ ಸಾಧ್ಯ, ಆದರೆ ಷರತ್ತುಗಳಿವೆ. ಕನಿಷ್ಠ ಮೂರು ವರ್ಷ ಚಿಕಿತ್ಸೆ ಆಗಿರಬೇಕು, ಹಲವರು ಐದು ವರ್ಷ ಎನ್ನುತ್ತಾರೆ. ಅಂಕಿ 0.01% ಅಥವಾ ಅದಕ್ಕಿಂತ ಕೆಳಗೆ ಎರಡು ವರ್ಷವಾದರೂ ನಿಂತಿರಬೇಕು. 0.02% ಆ ಗೆರೆಯ ಮೇಲಿದೆ, ಹಾಗಾಗಿ ಈಗ ನಿಲ್ಲಿಸುವ ಪ್ರಶ್ನೆ ಇಲ್ಲ. ಎಲ್ಲ ಷರತ್ತು ಪೂರೈಸಿ ನಿಲ್ಲಿಸಿದವರಲ್ಲೂ ಅರ್ಧದಷ್ಟು ಜನರಿಗೆ ಕಾಯಿಲೆ ಮರಳುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಆಗ ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಬೇಗ ಗೊತ್ತಾಗಿ ಮಾತ್ರೆ ಮತ್ತೆ ಶುರುಮಾಡಿದರೆ ಬಹುತೇಕ ಎಲ್ಲರೂ ಸರಿಹೋಗುತ್ತಾರೆ.

ಕಷಾಯದ ಬಗ್ಗೆ: ಇಮ್ಯಾಟಿನಿಬ್ ಕರಗುವುದು ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವದಿಂದ. ಕೆಲವು ಗಿಡಮೂಲಿಕೆಗಳು ಆ ಕಿಣ್ವವನ್ನು ಚುರುಕು ಮಾಡುತ್ತವೆ, ಆಗ ಔಷಧ ರಕ್ತದಲ್ಲಿ ಕಡಿಮೆಯಾಗುತ್ತದೆ. ಕೆಲವು ತಡೆಯುತ್ತವೆ, ಆಗ ಜಾಸ್ತಿಯಾಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯ್ನ್ ಕೂಡ ಹೀಗೇ ಔಷಧವನ್ನು ಕಡಿಮೆ ಮಾಡುತ್ತವೆ. ಏನೇ ಕೊಡುವುದಿದ್ದರೂ ಪುಡಿಯ ಪೊಟ್ಟಣವನ್ನೇ ಡಾಕ್ಟರ ಮುಂದಿಡಿ. ಮಾತ್ರೆಯ ಬದಲಿಗೆ ಕಷಾಯ ಅಂದರೆ ಚಿಕಿತ್ಸೆ ನಿಲ್ಲಿಸಿದಂತೆಯೇ ಲೆಕ್ಕ.

ನಿಮ್ಮ ಮಗಳಿಗೆ ಪರೀಕ್ಷೆ ಬೇಡ. ಎಬಿಎಲ್ ಜೀನ್ ಎಲ್ಲರಿಗೂ ತಂದೆತಾಯಿಯಿಂದ ಬಂದದ್ದೇ, ಆದರೆ ಬಿಸಿಆರ್-ಎಬಿಎಲ್ ಹಾಗೆ ಬರುವುದಿಲ್ಲ. ಅದು ನಿಮ್ಮ ತಾಯಿಯ ಮೂಳೆಮಜ್ಜೆಯ ಒಂದು ಕೋಶದಲ್ಲಿ, ಅವರ ಆಯುಷ್ಯದಲ್ಲೇ ಆದ ಬದಲಾವಣೆ. ಅಂಡಾಣುವಿನಲ್ಲಿ ಅದು ಇರಲಿಲ್ಲ, ನಿಮಗೆ ಬಂದಿಲ್ಲ. ಮುಂದಿನ ಭೇಟಿಗೆ ನಾಲ್ಕು ವರ್ಷದ ಬಿಸಿಆರ್-ಎಬಿಎಲ್ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಎಲ್ಲವೂ ಒಂದೇ ಪ್ರಯೋಗಾಲಯದವೇ, ಅಂತರರಾಷ್ಟ್ರೀಯ ಮಾಪನದಲ್ಲೇ ಇವೆಯೇ ಎಂದು ನೋಡಿಕೊಳ್ಳಿ. ಅರ್ಧ ಪ್ರಮಾಣದ ಮಾತು ಎತ್ತಲು ಅದು ಸರಿಯಾದ ಸಮಯ.